ಡಿಶ್ ಹಾಕಿಸಿದ ಮೇಲೆ ಸ್ಪೀಡ್ ಇದೆ, ಕೆಲಸ ಮಾತ್ರ ಮುಂದೆ ಹೋಗುತ್ತಿಲ್ಲ. ಯಾಕೆ?

ನಗರ ಹೋಬಳಿ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಆರಿದ್ರ ಮಳೆ ಹಿಡಿದರೆ ಫೈಬರ್ ಕಥೆ ಮುಗಿದಂತೆ. ಒಂದು ಕಡೆ ಮರ ಬೀಳುತ್ತದೆ, ಇನ್ನೊಂದು ಕಡೆ ಧರೆ ಕುಸಿಯುತ್ತದೆ. ಮೊಬೈಲ್ ಸಿಗ್ನಲ್ ಬೇಕು ಅಂದರೆ ಗುಡ್ಡ ಹತ್ತಬೇಕು. ಅದಕ್ಕೇ ಆಡಳಿತ ಮಂಡಳಿಯವರು ಸ್ಯಾಟಲೈಟ್ ಡಿಶ್ ಹಾಕಿಸಿದರು.

ಸ್ಪೀಡ್ ಟೆಸ್ಟ್‌ನಲ್ಲಿ 10 ಎಂಬಿಪಿಎಸ್ ಸರಿಯಾಗಿ ಬರುತ್ತದೆ. ಆದರೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಒಬ್ಬ ಸದಸ್ಯರ ಖಾತೆ ತೆಗೆಯಲು ಮುಕ್ಕಾಲು ನಿಮಿಷ ಬೇಕು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತರೆ ಬೆರಳು ಮುಂದೆ, ಅಕ್ಷರ ಹಿಂದೆ. ಪಿಂಗ್, ಅಂದರೆ ಒಮ್ಮೆ ಹೋಗಿಬರುವ ಸಮಯ, 640 ಮಿಲಿಸೆಕೆಂಡ್ ತೋರಿಸುತ್ತದೆ. ಡಿಶ್ ಹಾಕಿದವರನ್ನು ಕೇಳಿದರೆ 20ರ ಪ್ಲಾನ್ ತಗೊಳ್ಳಿ ಅನ್ನುತ್ತಾರೆ. ಕೌಂಟರ್ ಮುಂದೆ ರೈತರು ನಿಂತಿರುತ್ತಾರೆ, ಅವರಿಗೆ ಏನು ಹೇಳುವುದು? ಪ್ಲಾನ್ ದೊಡ್ಡದು ಮಾಡಿದರೆ ಸರಿಹೋಗುತ್ತದಾ?

ಕುಂದಾದ್ರಿ

ಪ್ಲಾನ್ ಬದಲಿಸಬೇಡಿ, ದುಡ್ಡು ದಂಡ. ನಿಮ್ಮ ತೊಂದರೆ ದೂರದ್ದು. ಸ್ಪೀಡ್ ಎಷ್ಟು ಏರಿಸಿದರೂ ದೂರ ಕಡಿಮೆ ಆಗಲ್ಲ.

ಲೆಕ್ಕ ನೋಡಿ. ನಿಮ್ಮ ಡಿಶ್ ನೋಡುವ ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ನೀವು ಕೇಳಿದ್ದು ಮೇಲೆ ಹೋಗಬೇಕು, ಅಲ್ಲಿಂದ ಕಂಪನಿಯ ಹಬ್‌ಗೆ, ಅಂದರೆ ಅವರ ನೆಲದ ಕೇಂದ್ರಕ್ಕೆ, ಇಳಿಯಬೇಕು. ಉತ್ತರ ಮತ್ತೆ ಮೇಲೆ, ಮತ್ತೆ ಕೆಳಗೆ. ಒಟ್ಟು 1,43,000 ಕಿ.ಮೀ. ದಾಟಿತು. ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕಿಗೂ ಇಷ್ಟು ದೂರಕ್ಕೆ 480 ಮಿಲಿಸೆಕೆಂಡ್ ಬೇಕು. ಮೋಡೆಮ್, ಹಬ್, ನಿಮ್ಮ ಸರದಿ ಬರುವ ತನಕ ಕಾಯುವುದು, ಎಲ್ಲ ಸೇರಿ 600 ದಾಟುತ್ತದೆ. 640 ಅಂದರೆ ನಿಮ್ಮ ಲಿಂಕ್ ಚೆನ್ನಾಗೇ ಇದೆ. 20 ಎಂಬಿಪಿಎಸ್ ತಗೊಂಡರೂ 640, 100 ತಗೊಂಡರೂ 640.

ನಮ್ಮ ಕೈಯಲ್ಲಿ ಇರುವುದು ಒಂದೇ. ಒಂದು ಕೆಲಸ ಮುಗಿಯಲು ಎಷ್ಟು ಸಲ ಹೋಗಿಬರಬೇಕು ಅನ್ನುವುದು. ಅದನ್ನು ಇಲ್ಲಿ ಸುತ್ತು ಅನ್ನೋಣ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆಗೆದು, ಖಾತೆ ಪುಟ ಒಮ್ಮೆ ಓಪನ್ ಮಾಡಿ. ಏನು ಕಾಣುತ್ತದೆ ಹೇಳಿ.

ನಗರ ಹೋಬಳಿ

ನೋಡಿದೆ. ತೊಂಬತ್ತಕ್ಕೂ ಜಾಸ್ತಿ ಸಾಲು ಬಂತು. ಮೆಟ್ಟಿಲ ಹಾಗೆ ಒಂದರ ಕೆಳಗೆ ಒಂದು, ಮೊದಲಿನದು ಮುಗಿದ ಮೇಲೇ ಮುಂದಿನದು ಶುರು. ಸದಸ್ಯರ ಹೆಸರು ಒಂದು ಸಾಲು, ಪಹಣಿ ವಿವರ ಒಂದು, ಸಾಲದ ಕಂತು ಒಂದು, ಫೋಟೊ ಒಂದು. ಅಕ್ಷರದ ಫಾಂಟ್ ಬೇರೆ ಯಾವುದೋ ಸರ್ವರ್‌ನಿಂದ ಬರುತ್ತಿದೆ, ಐಕಾನ್ ಇನ್ನೊಂದು ಕಡೆಯಿಂದ. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಟಿಎಲ್‌ಎಸ್ 1.2 ಅಂತ ಇದೆ. ಇನ್ನೊಂದು ವಿಷಯ, ಈ ಸಾಫ್ಟ್‌ವೇರ್‌ನದೆಲ್ಲ ವಿಪಿಎನ್, ಅಂದರೆ ಹೊರಗಿನವರಿಗೆ ಕಾಣದ ಹಾಗೆ ಮುಚ್ಚಿದ ದಾರಿ, ಅದರ ಮೂಲಕ ಕೇಂದ್ರ ಕಚೇರಿಗೆ ಹೋಗಿ ಅಲ್ಲಿಂದ ಮುಂದೆ ಹೋಗುತ್ತದೆ.

ಕುಂದಾದ್ರಿ

ವಿಪಿಎನ್ ವಿಷಯ ಆಮೇಲೆ ನೋಡೋಣ, ಅದೇ ದೊಡ್ಡದಿರಬಹುದು. ಮೊದಲು ಸುತ್ತಿನ ಲೆಕ್ಕ.

ಹೊಸ ಸರ್ವರ್ ಜೊತೆ ಮಾತು ಶುರು ಮಾಡಬೇಕಾದರೆ ಮೊದಲು ಡಿಎನ್‌ಎಸ್, ಅಂದರೆ ಅದರ ವಿಳಾಸ ಕೇಳುವುದು. ಒಂದು ಸುತ್ತು. ಆಮೇಲೆ ಟಿಸಿಪಿ, ಅಂದರೆ ತಲುಪಿತಾ ಅಂತ ಕೇಳಿಕೊಂಡು ಡೇಟಾ ಕಳಿಸುವ ನಿಯಮ, ಅದರ ಕೈಕುಲುಕುವುದು. ಇನ್ನೊಂದು ಸುತ್ತು. ಡೇಟಾಗೆ ಬೀಗ ಹಾಕುವ ಟಿಎಲ್‌ಎಸ್ 1.2ಕ್ಕೆ ಎರಡು ಸುತ್ತು. ಇಷ್ಟಾದ ಮೇಲೆ "ಪುಟ ಕೊಡು" ಅನ್ನಲು ಒಂದು. ಐದು ಸುತ್ತು, ಮೂರು ಸೆಕೆಂಡ್ ದಾಟಿತು. ಪರದೆ ಮೇಲೆ ಇನ್ನೂ ಒಂದಕ್ಷರ ಬಂದಿಲ್ಲ. ಫಾಂಟ್ ಸರ್ವರ್‌ಗೆ ಮತ್ತೆ ಐದು, ಐಕಾನ್‌ಗೆ ಮತ್ತೆ ಐದು. ಬೆಂಗಳೂರಿನ ಆಫೀಸ್‌ನಲ್ಲಿ ಒಂದು ಸುತ್ತು ಅಂದರೆ ಕೆಲವೇ ಮಿಲಿಸೆಕೆಂಡ್. ಹಾಗಾಗಿ ಅಲ್ಲಿ ಕೂತು ಬರೆದವರಿಗೆ ಇದು ಕಾಣುವುದೇ ಇಲ್ಲ.

ಇದರ ಮೇಲೆ ಟಿಸಿಪಿಯ ಸ್ಲೋ ಸ್ಟಾರ್ಟ್. ದಾರಿ ಎಷ್ಟು ಅಗಲ ಅಂತ ಟಿಸಿಪಿಗೆ ಮೊದಲೇ ಗೊತ್ತಿರಲ್ಲ. ಅದಕ್ಕೆ ಸಾಮಾನ್ಯವಾಗಿ ಮೊದಲಿಗೆ 10 ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಂಡು, ಕಳಿಸುತ್ತದೆ, ಸುಮಾರು 14 ಕೆಬಿ. ಬಂತು ಅಂತ ಉತ್ತರ ಸಿಕ್ಕ ಮೇಲೆ 28, ಆಮೇಲೆ 56, ಹೀಗೆ ಇಮ್ಮಡಿ ಆಗುತ್ತಾ ಹೋಗುತ್ತದೆ. 1 ಎಂಬಿ ಫೈಲ್ ಮುಗಿಯಲು ಏಳು ಸುತ್ತು ಬೇಕು. ಅಂದರೆ ನಾಲ್ಕೂವರೆ ಸೆಕೆಂಡ್. 10 ಎಂಬಿಪಿಎಸ್ ದಾರಿಯಲ್ಲಿ 1 ಎಂಬಿ ಸಾಗಲು ನಿಜಕ್ಕೂ ಬೇಕಾದ್ದು 0.8 ಸೆಕೆಂಡ್ ಅಷ್ಟೇ. ಉಳಿದಿದ್ದೆಲ್ಲ ಬರೀ ಕಾಯುವುದು. ತೋಟದಲ್ಲಿ ಹತ್ತು ಜನ ಇದ್ದರೂ, ಒಂದೊಂದೇ ಗೊನೆ ಮನೆಗೆ ತಂದು, ಬಂತಾ ಅಂತ ಕೇಳಿಕೊಂಡು ಮುಂದಿನದಕ್ಕೆ ಹೋದರೆ ಕೊಯ್ಲು ಮುಗಿಯುತ್ತದಾ ಹೇಳಿ. ನಿಮ್ಮ 20ರ ಪ್ಲಾನ್ ಅಂದರೆ ಇನ್ನೂ ಹತ್ತು ಜನರನ್ನು ಕರೆದು ಸುಮ್ನೆ ನಿಲ್ಲಿಸಿದ ಹಾಗೆ.

ಅಡಿಕೆ ತೋಟ

ಹಾಗಾದರೆ ಸ್ಪೀಡ್ ಟೆಸ್ಟ್‌ನಲ್ಲಿ 10 ಹೇಗೆ ಬರುತ್ತದೆ ಮಾರಾಯ್ರೆ? ಅದೂ ಅದೇ ಟಿಸಿಪಿ ಅಲ್ವಾ? ಅದಕ್ಕೂ ಅದೇ ದೂರ.

ಹಾಸನದ ಹಳಬ

ಒಳ್ಳೆ ಪ್ರಶ್ನೆ. ಭೂಕೇಂದ್ರದ ಕೆಲಸದಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಟಿಸಿಪಿ ಮಾಡಿದವರಿಗೆ ಉಪಗ್ರಹ ಗೊತ್ತಿರಲಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 1977ರ ನವೆಂಬರ್ 22ರಂದು ಮೂರು ಬೇರೆ ಬೇರೆ ಜಾಲಗಳನ್ನು ಒಟ್ಟಿಗೆ ಜೋಡಿಸಿ ತೋರಿಸಿದರು. ಅದರಲ್ಲಿ ಒಂದು ಅಟ್ಲಾಂಟಿಕ್ ಮೇಲಿನ ಸ್ಯಾಟ್‌ನೆಟ್, ಅಂದರೆ ಉಪಗ್ರಹದ್ದೇ ಜಾಲ. ಆದರೆ ಆ ಕಾಲದ ಲಿಂಕ್‌ಗಳು ತೀರಾ ಸಣ್ಣವು. 1981ರ ಟಿಸಿಪಿ ನಿಯಮದಲ್ಲಿ, ಉತ್ತರ ಬರುವ ಮುಂಚೆ ದಾರಿಯಲ್ಲಿ ಬಿಡಬಹುದಾದ ಡೇಟಾಗೆ 65,535 ಬೈಟ್ ಮಿತಿ ಇತ್ತು. ಇದಕ್ಕೆ ವಿಂಡೋ ಅನ್ನುತ್ತಾರೆ. ಆಗ ಅದು ಸಾಕಿತ್ತು. ಈಗ 640 ಮಿಲಿಸೆಕೆಂಡ್ ಲಿಂಕ್‌ನಲ್ಲಿ ಅದೇ ಮಿತಿ ಇಟ್ಟುಕೊಂಡರೆ ಸೆಕೆಂಡಿಗೆ 100 ಕೆಬಿ ಸ್ವಲ್ಪ ದಾಟಬಹುದು, ಅಂದರೆ ಹೆಚ್ಚುಕಡಿಮೆ 800 ಕೆಬಿಪಿಎಸ್. ದಾರಿ ಎಷ್ಟೇ ಅಗಲ ಇರಲಿ, ಅಷ್ಟೇ. ನಿಮ್ಮ 10 ಎಂಬಿಪಿಎಸ್ ತುಂಬಬೇಕಾದರೆ ಎಲ್ಲ ಹೊತ್ತಿನಲ್ಲೂ 800 ಕೆಬಿ ಆಕಾಶದಲ್ಲೇ ಇರಬೇಕು.

1992ರಲ್ಲಿ ವಿಂಡೋ ಸ್ಕೇಲಿಂಗ್ ಬಂತು, ಮಿತಿ ಎತ್ತಿದರು. 1996ರಲ್ಲಿ ಸ್ಯಾಕ್. ಕಳೆದುಹೋದ ಪ್ಯಾಕೆಟ್ ಯಾವುದು ಅಂತ ಗುರುತು ಹಿಡಿದು ಅದನ್ನಷ್ಟೇ ಮತ್ತೆ ಕಳಿಸುವುದು. ಉಪಗ್ರಹ ಲಿಂಕ್‌ಗೆ ಇವುಗಳಲ್ಲಿ ಯಾವುದನ್ನೆಲ್ಲ ಬಳಸಬೇಕು ಅಂತ 1999ರಲ್ಲಿ ಆರ್‌ಎಫ್‌ಸಿ 2488 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿ ಬರೆದಿಟ್ಟರು. ಅಷ್ಟಾದರೂ ಸ್ಲೋ ಸ್ಟಾರ್ಟ್ ಕಾಟ ಹೋಗಲಿಲ್ಲ.

ಅದಕ್ಕೆ ಮೋಡೆಮ್ ಮಾಡುವವರು ಕಂಡುಕೊಂಡ ದಾರಿ ಪೆಪ್. ಪೂರ್ತಿ ಹೆಸರು ಪರ್ಫಾರ್ಮೆನ್ಸ್ ಎನ್‌ಹಾನ್ಸಿಂಗ್ ಪ್ರಾಕ್ಸಿ. ನಿಮ್ಮ ಕಂಪ್ಯೂಟರ್ ಟಿಸಿಪಿ ಶುರು ಮಾಡಿದ ಕೂಡಲೇ ಪಕ್ಕದ ಮೋಡೆಮ್ಮೇ "ಆಯ್ತು, ಬಂತು" ಅಂತ ಉತ್ತರ ಕೊಡುತ್ತದೆ. ಹಬ್‌ನಲ್ಲಿ ಇರುವ ಇನ್ನೊಂದು ಪೆಟ್ಟಿಗೆ ಸರ್ವರ್‌ಗೆ ಹಾಗೇ ಉತ್ತರ ಕೊಡುತ್ತದೆ. ನಡುವಿನ ಆಕಾಶದ ದಾರಿಯಲ್ಲಿ ಇವೆರಡೂ ತಮ್ಮದೇ ಪ್ರೋಟೊಕಾಲ್‌ನಲ್ಲಿ ಮಾತಾಡುತ್ತವೆ. ಅಲ್ಲಿ ಸ್ಲೋ ಸ್ಟಾರ್ಟ್ ಇಲ್ಲ, ಅಗಲ ಮೊದಲೇ ಗೊತ್ತಿರುತ್ತದೆ. ಸ್ಪೀಡ್ ಟೆಸ್ಟ್ ನಾಲ್ಕಾರು ಕನೆಕ್ಷನ್ ಒಟ್ಟಿಗೆ ತೆಗೆಯುತ್ತದೆ, ಎಲ್ಲವೂ ಪೆಪ್ ಮೂಲಕ ಹೋಗುತ್ತವೆ. ಅದಕ್ಕೇ 10 ತುಂಬಿ ಬರುತ್ತದೆ.

ಈಗ ವಿಪಿಎನ್‌ಗೆ ಬನ್ನಿ. ಐಪಿಸೆಕ್ ಅನ್ನುವ ವಿಪಿಎನ್ ಬೀಗ ಹಾಕಿದ ಕೂಡಲೇ ಟಿಸಿಪಿಯ ತಲೆಬರಹವೇ ಮುಚ್ಚಿಹೋಗುತ್ತದೆ. ಮೋಡೆಮ್‌ಗೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಪೆಪ್ ಸುಮ್ಮನಾಗುತ್ತದೆ. ನಿಮ್ಮ ಟಿಸಿಪಿ 640 ಮಿಲಿಸೆಕೆಂಡ್ ದಾರಿಯನ್ನು ಒಬ್ಬಂಟಿಯಾಗಿ ನಡೆಯಬೇಕು. ವಿಪಿಎನ್ ಇಲ್ಲದೆ ಯಾವುದಾದರೂ ಒಂದು ವೆಬ್‌ಸೈಟ್ ತೆಗೆದು ನೋಡಿ.

ನಗರ ಹೋಬಳಿ

ತೆಗೆದೆ ಸರ್. ವಿಪಿಎನ್ ಇಲ್ಲದೆ ಪತ್ರಿಕೆಯ ಪುಟ ಪರವಾಗಿಲ್ಲ, ಬೇಗ ಬರುತ್ತದೆ. ವಿಪಿಎನ್ ಒಳಗೆ ಎಲ್ಲವೂ ನಿಧಾನ. ಇನ್ನೊಂದು ವಿಚಿತ್ರ ಕಂಡಿತು. ಅದೇ ವಿಪಿಎನ್, ಅದೇ ಫೈಲ್, ಆದರೆ ಗೊಬ್ಬರದ ಕೌಂಟರ್‌ನ ಹಳೇ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 100 ಕೆಬಿ ಹತ್ತಿರ ಬಂದು ನಿಂತುಬಿಡುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ಸ್ವಲ್ಪ ಹೊತ್ತಿಗೆ ಮೇಲೇರುತ್ತದೆ.

ಕುಂದಾದ್ರಿ

100 ಕೆಬಿ! ಮೇಲೆ ಹೇಳಿದ 65,535 ಬೈಟ್ ಮಿತಿಯೇ ಅದು. ಆ ಕಂಪ್ಯೂಟರ್‌ನಲ್ಲಿ ಯಾರೋ ಹಿಂದೆ "ಇಂಟರ್ನೆಟ್ ಬೂಸ್ಟರ್" ತರಹದ್ದು ಹಾಕಿರಬೇಕು. ಕಮಾಂಡ್ ಪ್ರಾಂಪ್ಟ್ ತೆಗೆದು ನೆಟ್‌ಎಸ್‌ಎಚ್‌ನಲ್ಲಿ ಟಿಸಿಪಿ ಗ್ಲೋಬಲ್ ಸೆಟ್ಟಿಂಗ್ ನೋಡಿ. ರಿಸೀವ್ ವಿಂಡೋ ಆಟೋ ಟ್ಯೂನಿಂಗ್ ಅನ್ನುವ ಕಡೆ ಡಿಸೇಬಲ್ಡ್ ಅಂತ ಇದ್ದರೆ ನಾರ್ಮಲ್ ಮಾಡಿ.

ನಗರ ಹೋಬಳಿ

ಡಿಸೇಬಲ್ಡ್ ಅಂತಲೇ ಇತ್ತು! ನಾರ್ಮಲ್ ಮಾಡಿದೆ. ಈಗ ಅದೂ ಬೇರೆ ಕಂಪ್ಯೂಟರ್‌ಗಳ ಹಾಗೇ ಏರುತ್ತದೆ. ನಿಮಗೆ ದೊಡ್ಡ ನಮಸ್ಕಾರ.

ಕೊಪ್ಪದ ಹುಡುಗಿ

ಬೆಂಗಳೂರಿನಲ್ಲಿ ಆ್ಯಪ್ ಬರೆಯುವ ಕೆಲಸ ನನ್ನದು, ಊರು ಕೊಪ್ಪ. ಹಳಬ ಸರ್ ಹೇಳಿದ ಪೆಪ್ ಬಗ್ಗೆ ಒಂದು ಮಾತು. ಈ ವಿಧಾನದ ಆಯಸ್ಸು ಕಡಿಮೆ ಆಗುತ್ತಾ ಬಂದಿದೆ. 2021ರಲ್ಲಿ ಟಿಸಿಪಿ ಬದಲು ಬಳಸುವ ಕ್ವಿಕ್ ಪ್ರೋಟೊಕಾಲ್ ಆರ್‌ಎಫ್‌ಸಿ 9000 ಆಗಿ ಬಂತು, 2022ರಲ್ಲಿ ಅದರ ಮೇಲೆ ವೆಬ್ ಪುಟ ತರುವ ಎಚ್‌ಟಿಟಿಪಿ 3. ಕ್ವಿಕ್ ಓಡುವುದು, ತಲುಪಿತಾ ಅಂತ ತಾನಾಗಿ ಕೇಳದ ಯುಡಿಪಿ ಮೇಲೆ, ಅದರ ತಲೆಬರಹದ ಬಹುಭಾಗ ಮುಚ್ಚಿರುತ್ತದೆ. ಅಂದರೆ ವಿಪಿಎನ್ ಹಾಕದಿದ್ದರೂ ಮೋಡೆಮ್‌ನ ಪೆಪ್‌ಗೆ ಏನೂ ಕಾಣಲ್ಲ.

ನನಗೆ ಇದು ಸರಿ ಅನಿಸುತ್ತದೆ. ನಡುವೆ ಕೂತ ಪೆಟ್ಟಿಗೆ "ತಲುಪಿತು" ಅಂತ ಹೇಳುವಾಗ ಡೇಟಾ ನಿಜಕ್ಕೂ ತಲುಪಿರಲ್ಲ. ಅಷ್ಟರಲ್ಲಿ ಕರೆಂಟ್ ಹೋಗಿ ಮೋಡೆಮ್ ಆಫ್ ಆದರೆ? ಕಳಿಸಿದವರು ತಲುಪಿದೆ ಅಂತ ನಂಬಿರುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು.

ಕ್ವಿಕ್‌ನಲ್ಲಿ ಟಿಸಿಪಿ, ಟಿಎಲ್‌ಎಸ್ ಎರಡರ ಕೈಕುಲುಕುವಿಕೆ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಮೊದಲೇ ಪರಿಚಯ ಇರುವ ಸರ್ವರ್ ಆದರೆ ಮೊದಲ ಪ್ಯಾಕೆಟ್ ಜೊತೆಗೇ ಕೋರಿಕೆಯೂ ಹೋಗಬಹುದು. ನಿಮ್ಮ ಐದು ಸುತ್ತು ಮೂರಕ್ಕೆ, ಎರಡಕ್ಕೆ ಇಳಿಯುತ್ತದೆ.

ಹಾಸನದ ಹಳಬ

ಶುರುವಿನಲ್ಲಿ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ದೊಡ್ಡ ಫೈಲ್ ತರುವಾಗ, ಪೆಪ್ ಸಹಾಯ ಇರುವ ಟಿಸಿಪಿಗಿಂತ ಕ್ವಿಕ್ ಹಿಂದೆ ಬೀಳುವುದುಂಟು. ಯಾಕೆಂದರೆ ಅದು ಮತ್ತೆ ಸ್ಲೋ ಸ್ಟಾರ್ಟ್‌ನಿಂದಲೇ ದಾರಿ ಅಳೆಯಬೇಕು. ನಗರದ ಫೈಬರ್ ನೋಡಿ ಪ್ರೋಟೊಕಾಲ್ ಬರೆದರೆ ಕಾಡಿನ ಅಂಚಿನವರ ಗತಿ ಏನಮ್ಮ? ನಡುವಿನ ಪೆಟ್ಟಿಗೆ ನನಗೂ ಇಷ್ಟ ಇಲ್ಲ. ಅದು ಇಲ್ಲದೆ ಆ ಕಾಲದಲ್ಲಿ ಒಂದು ಪುಟ ತೆರೆಯುತ್ತಿರಲಿಲ್ಲ.

ಕೊಪ್ಪದ ಹುಡುಗಿ

ಅದು ನಿಜ ಸರ್. ಅದಕ್ಕೇ ಇಂಟರ್ನೆಟ್ ನಿಯಮ ಬರೆಯುವ ಐಇಟಿಎಫ್‌ನಲ್ಲಿ ಕೇರ್‌ಫುಲ್ ರೆಸ್ಯೂಮ್ ಅನ್ನುವ ವಿಧಾನದ ಮೇಲೆ ಕೆಲಸ ನಡೆದಿದೆ. ಹಿಂದಿನ ಸಲ ಈ ದಾರಿಯ ಅಗಲ ಎಷ್ಟಿತ್ತು ಅಂತ ನೆನಪಿಟ್ಟುಕೊಂಡು, ಈ ಸಲ ಹುಷಾರಾಗಿ ಅಲ್ಲಿಗೇ ಹಾರುವುದು. ಉಪಗ್ರಹದ ದಾರಿ ದಿನದಿಂದ ದಿನಕ್ಕೆ ಜಾಸ್ತಿ ಬದಲಾಗಲ್ಲ, ಹಾಗಾಗಿ ಇಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಕಾಡಿನ ಅಂಚಿನವರನ್ನು ಮರೆತಿಲ್ಲ ಸರ್, ನಾನೂ ಅಲ್ಲಿಂದಲೇ ಬಂದವಳು.

ಕುಂದಾದ್ರಿ

ಇಬ್ಬರೂ ಹೇಳಿದ್ದು ಸರಿ. ನಗರ ಹೋಬಳಿಯವರ ಕೌಂಟರ್ ಮುಂದೆ ಜನ ನಿಂತಿದ್ದಾರೆ, ಈಗ ಆಗುವ ಪರಿಹಾರಕ್ಕೆ ಬರೋಣ.

ವಿಪಿಎನ್ ತೆಗೆಯಿರಿ ಅಂತ ನಾನು ಹೇಳಲ್ಲ. ಜನರ ಖಾತೆ ವಿವರ ಅದು. ಬದಲಿಗೆ ನಿಮ್ಮ ಕಚೇರಿಯೊಳಗೇ ಒಂದು ಸಣ್ಣ ಲಿನಕ್ಸ್ ಕಂಪ್ಯೂಟರ್ ಇಡಿ. ಹಳೇ ಸಿಪಿಯು ಇದ್ದರೂ ಸಾಕು. ಅದರಲ್ಲಿ ಎಂಜಿನ್‌ಎಕ್ಸ್ ಹಾಕಿ ರಿವರ್ಸ್ ಪ್ರಾಕ್ಸಿ ಮಾಡಿ. ನಿಮ್ಮ ಕಂಪ್ಯೂಟರ್‌ಗಳು ಇದರ ಜೊತೆ ಮಾತಾಡಲಿ, ಇದು ಕೇಂದ್ರ ಕಚೇರಿಯ ಜೊತೆ ಮಾತಾಡಲಿ. ಕೈಕುಲುಕುವುದೆಲ್ಲ ಕಚೇರಿ ಒಳಗಿನ ವೈರ್‌ನಲ್ಲೇ ಮುಗಿಯುತ್ತದೆ, ಅಲ್ಲಿ ತಡವೇ ಇಲ್ಲ. ಆಕಾಶದ ಕಡೆಗೆ ಕೀಪ್ ಅಲೈವ್ ಇಟ್ಟು ಕೆಲವು ಕನೆಕ್ಷನ್‌ಗಳನ್ನು ಮುಚ್ಚದೆ ತೆರೆದೇ ಇಡಿ. ಫಾಂಟ್, ಐಕಾನ್, ಜಾವಾಸ್ಕ್ರಿಪ್ಟ್ ಫೈಲ್ ಎಲ್ಲ ಅದರಲ್ಲೇ ಕ್ಯಾಶ್ ಆಗಲಿ, ಅಂದರೆ ಅವುಗಳ ಪ್ರತಿ ಇಲ್ಲೇ ಉಳಿಯಲಿ. ಖಾತೆಯ ವಿವರ ಮಾತ್ರ ಕ್ಯಾಶ್ ಮಾಡಬೇಡಿ, ಹಳೇ ಬಾಕಿ ತೋರಿಸಿಬಿಟ್ಟರೆ ಜಗಳ ಆಗುತ್ತದೆ.

ಕೇಂದ್ರ ಕಚೇರಿಯವರು ಮಾಡಬೇಕಾದ ಕೆಲಸವೂ ಇದೆ. ಲಿನಕ್ಸ್ ಸರ್ವರ್‌ನಲ್ಲಿ ಕನೆಕ್ಷನ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಟಿಸಿಪಿ ತಾನು ಕಲಿತ ಅಗಲ ಮರೆತು ಮತ್ತೆ ಸಣ್ಣದರಿಂದ ಶುರು ಮಾಡುತ್ತದೆ. ಟಿಸಿಪಿ ಸ್ಲೋ ಸ್ಟಾರ್ಟ್ ಆಫ್ಟರ್ ಐಡಲ್ ಅನ್ನುವ ಸೆಟ್ಟಿಂಗ್ ಅದು, ಸೊನ್ನೆ ಮಾಡಲು ಹೇಳಿ. ಇದು ಮಾಡದಿದ್ದರೆ ಕನೆಕ್ಷನ್ ತೆರೆದಿಟ್ಟ ಲಾಭ ಅರ್ಧ ಹೋಗುತ್ತದೆ. ಬಫರ್, ಅಂದರೆ ಡೇಟಾ ಸ್ವಲ್ಪ ಹೊತ್ತು ಇಡುವ ಜಾಗ, ಅದರ ಮಿತಿ ಒಂದೆರಡು ಎಂಬಿಗಿಂತ ಕಡಿಮೆ ಇದ್ದರೆ ಏರಿಸಲಿ. ಟಿಎಲ್‌ಎಸ್ 1.3 ಬಂದಿದ್ದು 2018ರಲ್ಲಿ, ಅದಕ್ಕೆ ಬದಲಾಯಿಸಲಿ. ಒಂದು ಸುತ್ತು ಉಳಿಯುತ್ತದೆ.

ನಗರ ಹೋಬಳಿ

ಹಳೇ ಸಿಪಿಯು ಒಂದಿದೆ, ಹಾಕಿಸುತ್ತೇನೆ. ಮಳೆ ಜೋರಾದಾಗ ಏನು ಮಾಡುವುದು? ಮಧ್ಯಾಹ್ನ ಹೊಯ್ಯಲು ಹಿಡಿದರೆ ಸ್ಪೀಡ್ ಕುಸಿಯುತ್ತದೆ. ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೇ ಇರುತ್ತದೆ.

ಹಾಸನದ ಹಳಬ

ನಿಮ್ಮದು ಕೆಯು ಬ್ಯಾಂಡ್ ಅನ್ನುವ ತರಂಗಪಟ್ಟಿ ಇರಬೇಕು. 10 ಗಿಗಾಹರ್ಟ್ಸ್ ಮೇಲೆ ಮಳೆ ಹನಿಗಳು ಸಿಗ್ನಲ್ ನುಂಗುತ್ತವೆ, ಕೆಎ ಬ್ಯಾಂಡ್‌ನಲ್ಲಿ ಇನ್ನೂ ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಆದರೆ ಲಿಂಕ್ ಕೆಡಿಸುವುದು ವರ್ಷದ ಒಟ್ಟು ಮಳೆ ಅಲ್ಲ, ಆ ಹತ್ತು ನಿಮಿಷದ ರಭಸ. ಪುಷ್ಯ ಮಳೆ ದಿನವಿಡೀ ಜಿಟಿಜಿಟಿ ಹಿಡಿದರೂ ಲಿಂಕ್ ನಿಲ್ಲಬಹುದು. ಬೇಸಿಗೆಯ ಸಿಡಿಲು ಮಳೆ ಹತ್ತೇ ನಿಮಿಷ ಬಂದರೂ ಕೆಡವುತ್ತದೆ.

ಈಗಿನ ಮೋಡೆಮ್‌ಗಳು ಸಿಗ್ನಲ್ ಕುಂದಿದಾಗ ತಾವೇ ಮಾಡ್ಯುಲೇಶನ್ ಇಳಿಸಿಕೊಂಡು, ಅಂದರೆ ಒಂದು ಸಲಕ್ಕೆ ಕಡಿಮೆ ಬಿಟ್ ತುಂಬಿ, ತಪ್ಪು ತಿದ್ದುವ ಬಿಟ್ ಜಾಸ್ತಿ ಸೇರಿಸುತ್ತವೆ. ಲಿಂಕ್ ಕಡಿಯಲ್ಲ, ದಾರಿ ಕಿರಿದಾಗುತ್ತದೆ. ಬದಲಾಗುವ ಆ ಗಳಿಗೆಯಲ್ಲಿ ಕೆಲವು ಪ್ಯಾಕೆಟ್ ಹೋಗುತ್ತವೆ. ಹಳೇ ಟಿಸಿಪಿಗೆ ಪ್ಯಾಕೆಟ್ ಹೋಯಿತು ಅಂದರೆ ದಾರಿಯಲ್ಲಿ ಗದ್ದಲ ಅಂತಲೇ ಅರ್ಥ. ಕೂಡಲೇ ವೇಗ ಅರ್ಧ ಮಾಡುತ್ತದೆ. ಮತ್ತೆ ಏರುವುದು ಸುತ್ತಿಗೆ ಒಂದು ಪ್ಯಾಕೆಟ್‌ನಂತೆ. ನಿಮ್ಮ ಲಿಂಕ್ ತುಂಬಲು ಸುಮಾರು 550 ಪ್ಯಾಕೆಟ್ ಬೇಕು. ಅರ್ಧಕ್ಕೆ ಇಳಿದರೆ ಮತ್ತೆ ಮೇಲೆ ಬರಲು 275 ಸುತ್ತು, ಹತ್ತಿರ ಹತ್ತಿರ ಮೂರು ನಿಮಿಷ. ಅಷ್ಟರಲ್ಲಿ ಇನ್ನೊಂದು ಪ್ಯಾಕೆಟ್ ಹೋಗಿರುತ್ತದೆ. ಮಳೆ ನಿಂತ ಮೇಲೂ ನಿಧಾನ ಅಂದಿರಲ್ಲ, ಇದೂ ಒಂದು ಕಾರಣ.

ಕುಂದಾದ್ರಿ

ಅದಕ್ಕೆ ಮದ್ದು ಇದೆ. ಲಿನಕ್ಸ್‌ನಲ್ಲಿ 2006ರಿಂದ ಡಿಫಾಲ್ಟ್ ಆಗಿರುವ ಕ್ಯೂಬಿಕ್, ಅಂದರೆ ಟಿಸಿಪಿ ವೇಗ ಏರಿಸಿ ಇಳಿಸುವ ಒಂದು ವಿಧಾನ, ಸುತ್ತು ಎಣಿಸಲ್ಲ, ಗಡಿಯಾರ ನೋಡಿ ಏರುತ್ತದೆ. ಹಾಗಾಗಿ ದೂರದವರಿಗೆ ಅಷ್ಟು ಅನ್ಯಾಯ ಆಗಲ್ಲ. ಗೂಗಲ್‌ನವರು 2016ರಲ್ಲಿ ತಂದ ಬಿಬಿಆರ್ ಇನ್ನೂ ಬೇರೆ ದಾರಿ ಹಿಡಿಯುತ್ತದೆ. ಒಂದೆರಡು ಪ್ಯಾಕೆಟ್ ಹೋದರೆ ಹೆದರಲ್ಲ, ನಿಜಕ್ಕೂ ಎಷ್ಟು ತಲುಪುತ್ತಿದೆ ಅಂತ ಅಳೆದು ಅಷ್ಟು ಕಳಿಸುತ್ತದೆ. ಉಪಗ್ರಹಕ್ಕೆಂದೇ 2004ರಲ್ಲಿ ಇಟಲಿಯ ಸಂಶೋಧಕರು ಮಾಡಿದ ಹೈಬ್ಲಾ ಕೂಡ ಲಿನಕ್ಸ್ ಒಳಗೇ ಇದೆ.

ಒಂದು ಗಮನಿಸಿ. ಇದನ್ನು ಹಾಕಬೇಕಾದ್ದು ಡೇಟಾ ಕಳಿಸುವ ಕಡೆ. ಖಾತೆ ಪುಟ ಕಳಿಸುವವರು ಕೇಂದ್ರ ಕಚೇರಿ, ಹಾಗಾಗಿ ಅಲ್ಲಿ ಬದಲಾಗಬೇಕು. ನೀವು ಫೋಟೊ, ದಾಖಲೆ ಅಪ್‌ಲೋಡ್ ಮಾಡುವಾಗ ಕಳಿಸುವುದು ನಿಮ್ಮ ಹೊಸ ಲಿನಕ್ಸ್ ಪೆಟ್ಟಿಗೆ. ಅದರಲ್ಲೂ ಬಿಬಿಆರ್ ಹಾಕಿ.

ಅಡಿಕೆ ತೋಟ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು. ಅದು ಕೆಳಗೆ ಹಾರುವ ಉಪಗ್ರಹ, ತಡವೇ ಇಲ್ಲವಂತೆ. ಅದು ಬಂದರೆ ಈ ತಲೆನೋವು ಮುಗಿಯಿತಲ್ಲ.

ಕುಂದಾದ್ರಿ

ತಡ ನಿಜಕ್ಕೂ ಕಡಿಮೆ. 500 ಕಿ.ಮೀ. ಆಸುಪಾಸಿನ ಎತ್ತರ, ಹೋಗಿಬರಲು ಸಾಮಾನ್ಯವಾಗಿ 50 ಮಿಲಿಸೆಕೆಂಡ್ ಒಳಗೆ. ಬಂದರೆ ಸಂತೋಷವೇ. ಆದರೆ ನಿಮ್ಮ ತೋಟದಲ್ಲಿ ನಿಂತು ಒಮ್ಮೆ ಮೇಲೆ ನೋಡಿ. ಎಷ್ಟು ಆಕಾಶ ಕಾಣುತ್ತದೆ?

ಭೂಸ್ಥಿರ ಉಪಗ್ರಹ ಒಂದೇ ಜಾಗದಲ್ಲಿ ಇರುತ್ತದೆ. ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರದಲ್ಲಿದೆ. ನಮ್ಮ ರೇಖಾಂಶದ ಹತ್ತಿರದ ಉಪಗ್ರಹಕ್ಕೆ ಡಿಶ್ ತಿರುಗಿಸಿದರೆ ಅದು ನೆಲದಿಂದ 73 ಡಿಗ್ರಿ ಮೇಲೆ ನೋಡುತ್ತದೆ, ಹೆಚ್ಚುಕಡಿಮೆ ನೆತ್ತಿಗೆ, ಸ್ವಲ್ಪ ದಕ್ಷಿಣಕ್ಕೆ. ಮರಗಳ ನಡುವೆ ಒಂದು ಕಿಂಡಿ ಇದ್ದರೆ ಸಾಕು. ಯುರೋಪಿನವರ ಡಿಶ್ ವಾಲಿಕೊಂಡಿರುತ್ತದೆ, ಅವರಿಗೆ ಈ ಅನುಕೂಲ ಇಲ್ಲ. ಕೆಳ ಕಕ್ಷೆಯ ಉಪಗ್ರಹಗಳು ಓಡುತ್ತಾ ಇರುತ್ತವೆ, ಅವಕ್ಕೆ ಅಗಲವಾದ ಆಕಾಶ ಬೇಕು. ಒಂದು ಹಲಸಿನ ಮರ ಅಡ್ಡ ಬಂದರೆ ಆಗಾಗ ಕಡಿಯುತ್ತದೆ. ಸ್ಟಾರ್‌ಲಿಂಕ್‌ನಲ್ಲಿ 15 ಸೆಕೆಂಡಿಗೊಮ್ಮೆ ಯಾವ ಉಪಗ್ರಹ ಅಂತ ಹಂಚಿಕೆ ಬದಲಾಗುತ್ತದೆ. ಆಗ ತಡ ಹಾರುತ್ತದೆ, ಕೆಲವು ಪ್ಯಾಕೆಟ್ ಬೀಳುತ್ತವೆ. ಹಾಗಾಗಿ ಬಿಬಿಆರ್ ತರಹದ್ದು ಅಲ್ಲಿಯೂ ಬೇಕೇ ಬೇಕು. ಕಣಿವೆಯೊಳಗಿನ ಮನೆಗೆ ಭೂಸ್ಥಿರವೇ ಸರಿ, ಬೋಳುಗುಡ್ಡದ ಮೇಲಿನ ಮನೆಗೆ ಕೆಳ ಕಕ್ಷೆಯದು ಸರಿ ಅಂತ ನನ್ನ ಲೆಕ್ಕ.

ಅಡಿಕೆ ತೋಟ

ನಮ್ಮ ಮನೆ ಕಣಿವೆಯಲ್ಲೇ. ಮರ ಕಡಿಯಲು ನಮ್ಮ ಅಪ್ಪಯ್ಯ ಒಪ್ಪಲ್ಲ, ನಾನೂ ಒಪ್ಪಲ್ಲ. ಹಾಗಾದರೆ ಮೇಲಿನದೆಲ್ಲ ಇನ್ನೊಮ್ಮೆ ಓದುತ್ತೇನೆ.

ಶರಾವತಿ ಹಿನ್ನೀರು

ನಾನು ಹಿನ್ನೀರಿನ ಆಚೆ ದಡದ ಶಾಲೆಯ ಮೇಷ್ಟ್ರು. ನಮಗೆ ಕೌಂಟರ್ ಅವಸರ ಇಲ್ಲ. ಮಕ್ಕಳಿಗೆ ವಿಡಿಯೊ, ಪಾಠ ತರಬೇಕು. ಮೂವತ್ತು ಮಕ್ಕಳು ಒಟ್ಟಿಗೆ ನೋಡಿದರೆ ಲಿಂಕ್ ಮಲಗಿಬಿಡುತ್ತದೆ. ಅಕ್ಕಪಕ್ಕದ ಶಾಲೆಗಳದ್ದೂ ಇದೇ ಪಾಡು.

ಹಾಸನದ ಹಳಬ

ಮೇಷ್ಟ್ರೇ, ನಿಮ್ಮ ಕೆಲಸಕ್ಕೆ ಉಪಗ್ರಹದಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೇಲಿನಿಂದ ಒಮ್ಮೆ ಕಳಿಸಿದ್ದು ಕೆಳಗಿನ ಎಲ್ಲ ಡಿಶ್‌ಗೂ ಬೀಳುತ್ತದೆ. ನೂರು ಶಾಲೆಗೆ ನೂರು ಸಲ ಕಳಿಸಬೇಕಿಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು.

ಇಂಥ ಹಂಚಿಕೆಗೆ ಟಿಸಿಪಿ ಆಗುವುದೇ ಇಲ್ಲ. ಪ್ರತಿ ಶಾಲೆಯೂ ಪ್ರತಿ ಪ್ಯಾಕೆಟ್‌ಗೆ "ಬಂತು" ಅಂದರೆ ಹಿಂದಿರುಗುವ ದಾರಿಯೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ನಾರ್ಮ್ ಅನ್ನುವ ಪ್ರೋಟೊಕಾಲ್ ಇದೆ, 2009ರ ಆರ್‌ಎಫ್‌ಸಿ 5740. ಅದರಲ್ಲಿ ಬಂದಿದ್ದಕ್ಕೆ ಯಾರೂ ಬಾಯಿ ಬಿಡುವಂತಿಲ್ಲ, ಬರದಿದ್ದರೆ ಮಾತ್ರ ಕೇಳಬೇಕು. ಜೊತೆಗೆ ಹೆಚ್ಚುವರಿ ತಿದ್ದುಪಡಿ ಪ್ಯಾಕೆಟ್ ಕಳಿಸುತ್ತಾರೆ. ಬೇರೆ ಬೇರೆ ಶಾಲೆಯಲ್ಲಿ ಬೇರೆ ಬೇರೆ ಪ್ಯಾಕೆಟ್ ಕಳೆದಿದ್ದರೂ ಅದೇ ಒಂದು ತಿದ್ದುಪಡಿ ಎಲ್ಲರಿಗೂ ಸರಿಹೋಗುತ್ತದೆ. ಇದನ್ನು ಕೇಳುವಾಗ ಶಾಲೆಗಳೆಲ್ಲ ಒಟ್ಟಾಗಿ ಕೇಳಬೇಕು. ಒಂದು ಶಾಲೆಯಿಂದ ಆಗುವ ಕೆಲಸ ಅಲ್ಲ.

ಕುಂದಾದ್ರಿ

ಅಲ್ಲಿ ತನಕ ಶಾಲೆಯಲ್ಲಿ ಒಂದು ಸಣ್ಣ ಸರ್ವರ್ ಇಡಿ ಮೇಷ್ಟ್ರೇ. ಕಿವಿಕ್ಸ್ ಹಾಕಿದರೆ ವಿಕಿಪೀಡಿಯ ಇಂಟರ್ನೆಟ್ ಇಲ್ಲದೆ ಓದಬಹುದು. ವಿಡಿಯೊಗಳನ್ನು ರಾತ್ರಿ ಇಳಿಸಿಕೊಳ್ಳಿ. ಮೂವತ್ತು ಮಕ್ಕಳು ನೋಡಿದರೂ ಆಕಾಶದಿಂದ ಬರುವುದು ಒಂದೇ ಪ್ರತಿ.

ಕೊಪ್ಪದ ಹುಡುಗಿ

ನಗರ ಹೋಬಳಿಯವರಿಗೆ ಒಂದು ಕೇಳಬೇಕಿತ್ತು. ಒಂದೇ ರಸೀದಿ ಎರಡು ಸಲ ದಾಖಲಾಗಿದ್ದು ಉಂಟಾ?

ನಗರ ಹೋಬಳಿ

ಉಂಟು! ಹೇಗೆ ಗೊತ್ತಾಯಿತು? ಒಬ್ಬರು ಗೊಬ್ಬರಕ್ಕೆ ದುಡ್ಡು ಕಟ್ಟಿದರು. ಸೇವ್ ಒತ್ತಿದೆವು, ಚಕ್ರ ತಿರುಗಿ ತಿರುಗಿ "ಸರ್ವರ್ ಸಿಗುತ್ತಿಲ್ಲ" ಅಂತ ಬಂತು. ಮತ್ತೆ ಒತ್ತಿದೆವು. ಸಂಜೆ ಲೆಕ್ಕ ಹಾಕಿದರೆ ಎರಡು ರಸೀದಿ. ನಗದು ತಾಳೆಯಾಗದೆ ರಾತ್ರಿ ತನಕ ಕೂತೆವು.

ಕೊಪ್ಪದ ಹುಡುಗಿ

ಅದು ನಿಮ್ಮ ಕೈ ತಪ್ಪಲ್ಲ, ಸಾಫ್ಟ್‌ವೇರ್‌ನ ತಪ್ಪು. ನಿಮ್ಮ ಮೊದಲ ಸೇವ್ ಸರ್ವರ್‌ಗೆ ತಲುಪಿತ್ತು, ದಾಖಲೂ ಆಗಿತ್ತು. ಉತ್ತರ ಬರುವಷ್ಟರಲ್ಲಿ ಟೈಮ್‌ಔಟ್ ಆಗಿದೆ, ಅಂದರೆ ಕಾಯುವ ಗಡುವು ಮುಗಿದಿದೆ. ಟೈಮ್‌ಔಟ್ ಇಟ್ಟವರು ನಗರದ ಲಿಂಕ್ ನೋಡಿ ಇಟ್ಟಿದ್ದಾರೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಒತ್ತಿ ಸುಸ್ತಾಗುವ ಅಜ್ಜಿಯರನ್ನು ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಟೈಮ್‌ಔಟ್ ಉದ್ದ ಮಾಡಿದರೆ ಮಾತ್ರ ಸಾಲದು. ಸೇವ್ ಒತ್ತುವ ಮೊದಲೇ ನಿಮ್ಮ ಕಂಪ್ಯೂಟರ್‌ನಲ್ಲೇ ಆ ರಸೀದಿಗೆ ಒಂದು ಬೇರೆಲ್ಲೂ ಇಲ್ಲದ ಗುರುತಿನ ಸಂಖ್ಯೆ ಹುಟ್ಟಬೇಕು. ಎರಡನೇ ಸಲ ಒತ್ತಿದರೂ ಅದೇ ಸಂಖ್ಯೆ ಹೋಗಬೇಕು. ಸರ್ವರ್ ನೋಡಿ, ಇದು ಆಗಲೇ ಬಂದಿದೆ ಅಂತ ಹಳೇ ಉತ್ತರವನ್ನೇ ಮತ್ತೆ ಕೊಡಬೇಕು. ಲಿಂಕ್ ಪೂರ್ತಿ ಹೋದರೆ ರಸೀದಿ ಇಲ್ಲೇ ಸಾಲಿನಲ್ಲಿ ಕಾಯಬೇಕು, ಬಂದ ಮೇಲೆ ತಾನೇ ಹೋಗಬೇಕು. ಖಾತೆ ಪುಟಕ್ಕೆ ಹೆಸರು, ಪಹಣಿ, ಕಂತು ಬೇರೆ ಬೇರೆ ಕೇಳುವ ಬದಲು ಒಂದೇ ಕೋರಿಕೆಯಲ್ಲಿ ಎಲ್ಲ ಬರಬೇಕು. ಇದನ್ನು ಮೋಡೆಮ್ ಕಂಪನಿ ಮಾಡಲ್ಲ, ಪ್ರೋಟೊಕಾಲ್ ಬರೆಯುವವರೂ ಮಾಡಲ್ಲ. ನನ್ನಂಥವರೇ ಮಾಡಬೇಕು.

ಹಾಸನದ ಹಳಬ

ಇಟ್ಟುಕೊಂಡು, ಕಾದು, ಮುಂದಕ್ಕೆ ಕಳಿಸುವುದು. ಗ್ರಹಗಳ ನಡುವೆಯೂ ಇದೇ ನಡೆಯುವುದು. ಮಂಗಳಕ್ಕೆ ಬೆಳಕು ಹೋಗಲು ಗ್ರಹಗಳ ಅಂತರ ನೋಡಿಕೊಂಡು 3ರಿಂದ 22 ನಿಮಿಷ ಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಸುದ್ದಿ ಭೂಮಿಗೆ ಬರಲು ಹನ್ನೆರಡು ನಿಮಿಷ ದಾಟಿತ್ತು. ಅಲ್ಲಿ ಕೈಕುಲುಕುವ ಮಾತೇ ಇಲ್ಲ. ಅದಕ್ಕೆಂದೇ ಬಂಡಲ್ ಪ್ರೋಟೊಕಾಲ್ ಮಾಡಿದ್ದಾರೆ, ಅದರ 7ನೇ ಆವೃತ್ತಿ 2022ರಲ್ಲಿ ಆರ್‌ಎಫ್‌ಸಿ 9171 ಆಗಿ ಬಂತು. ಬೇಕಾದ್ದೆಲ್ಲ ಒಂದೇ ಗಂಟಾಗಿ ಕಟ್ಟಿ ಕಳಿಸುವುದು, ದಾರಿಯಲ್ಲಿ ಲಿಂಕ್ ಇಲ್ಲದಿದ್ದರೆ ಅಲ್ಲೇ ಕಾಯುವುದು. ಸೊಸೈಟಿಗೆ ಅಷ್ಟು ದೊಡ್ಡದು ಬೇಡ. ಹುಡುಗಿ ಹೇಳಿದ ರಸೀದಿ ಸಾಲು ಅದೇ ಬುದ್ಧಿ.

ನಗರ ಹೋಬಳಿ

ಲಿನಕ್ಸ್ ಪೆಟ್ಟಿಗೆ ಕೂತಿದೆ. ಖಾತೆ ಪುಟ ಮುಕ್ಕಾಲು ನಿಮಿಷದಿಂದ ಹತ್ತು ಸೆಕೆಂಡ್ ಆಸುಪಾಸಿಗೆ ಬಂತು. ಕೇಂದ್ರ ಕಚೇರಿಯವರು ಐಡಲ್ ಸೆಟ್ಟಿಂಗ್ ಸೊನ್ನೆ ಮಾಡಿದ್ದಾರೆ, ಬಿಬಿಆರ್ ನೋಡೋಣ ಅಂದಿದ್ದಾರೆ. ರಿಮೋಟ್ ಡೆಸ್ಕ್‌ಟಾಪ್ ಹಾಗೇ ಇದೆ. ಸಾಫ್ಟ್‌ವೇರ್‌ನವರಿಗೆ ಪತ್ರ ಬರೆದರೆ "ನಮ್ಮಲ್ಲಿ ಚೆನ್ನಾಗಿ ಓಡುತ್ತದೆ" ಅನ್ನುತ್ತಾರೆ.

ಕುಂದಾದ್ರಿ

ರಿಮೋಟ್ ಡೆಸ್ಕ್‌ಟಾಪ್ ಬಿಟ್ಟುಬಿಡಿ. ಪ್ರತಿ ಅಕ್ಷರಕ್ಕೂ ಒಂದು ಸುತ್ತು, ಅದಕ್ಕೆ ಉಪಾಯ ಇಲ್ಲ. ಸರ್ವರ್‌ನಲ್ಲಿ ಬರೀ ಕಮಾಂಡ್ ಕೆಲಸ ಇದ್ದರೆ ಮಾಶ್ ಬಳಸಿ. ಒತ್ತಿದ ಅಕ್ಷರವನ್ನು ಅದು ಇಲ್ಲೇ ಮೊದಲು ತೋರಿಸುತ್ತದೆ.

ಕೊಪ್ಪದ ಹುಡುಗಿ

"ನಮ್ಮಲ್ಲಿ ಓಡುತ್ತದೆ" ಅನ್ನುವವರಿಗೆ ಹೀಗೆ ಬರೆಯಿರಿ. ಅವರ ಟೆಸ್ಟ್ ಸರ್ವರ್ ಲಿನಕ್ಸ್ ಆಗಿದ್ದರೆ ಟಿಸಿ ಕಮಾಂಡ್‌ನಲ್ಲಿ ನೆಟೆಮ್ ಬಳಸಿ ಹೊರಹೋಗುವ ದಾರಿಗೆ 640 ಮಿಲಿಸೆಕೆಂಡ್ ತಡ, ನೂರಕ್ಕೆ ಒಂದು ಪ್ಯಾಕೆಟ್ ನಷ್ಟ ಹಾಕಲಿ. ಒಂದೇ ಸಾಲಿನ ಕಮಾಂಡ್. ಆಮೇಲೆ ಅವರದೇ ಆಫೀಸ್‌ನಲ್ಲಿ ಕೂತು ಒಂದು ಗೊಬ್ಬರದ ರಸೀದಿ ಹಾಕಲಿ. ಪತ್ರದ ಜೊತೆ ನಿಮ್ಮ ಎಫ್12 ಪರದೆಯ ಚಿತ್ರವನ್ನೂ ಇಡಿ, ಸದಸ್ಯರ ಹೆಸರು ಮುಚ್ಚಿ. ತಾಲ್ಲೂಕಿನ ಬೇರೆ ಸೊಸೈಟಿಗಳೂ ಅದೇ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅವರ ಸಹಿಯನ್ನೂ ಹಾಕಿಸಿ. ಕರಡು ಬರೆದು ಇಲ್ಲಿ ಹಾಕಿ ಅಕ್ಕ, ತಾಂತ್ರಿಕ ಭಾಗ ನಾನು ತಿದ್ದಿಕೊಡುತ್ತೇನೆ.

ನಗರ ಹೋಬಳಿ

ಸೋಮವಾರ ಆಡಳಿತ ಮಂಡಳಿ ಸಭೆ ಇದೆ. ಅದಕ್ಕೆ ಮುಂಚೆ ಕರಡು ಹಾಕುತ್ತೇನೆ.